100 ವಾರ್ಡ್ ಗೆದ್ದರೂ ಮೇಯರ್ ಸ್ಥಾನ ಸಿಗದಿದ್ದುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. 2015ರ ಬಿಬಿಎಂಪಿ ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದಿದ್ದವು. ಹಾಗಿದ್ದೂ ಕಾಂಗ್ರೆಸ್ಸಿನವರು ಮೇಯರ್ ಆದರು. ವಾರ್ಡ್‌ಗಳಲ್ಲಿ ಬಹುಮತ ಪಡೆದ ಪಕ್ಷ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತದ್ದು ಕಾನೂನುಬದ್ಧವೇ?

ಉತ್ತರ (ಸ್ಥಳೀಯ ಸಂಸ್ಥೆಗಳ ಪ್ರಕರಣ ನಡೆಸುವ ವಕೀಲೆ): ಕಾನೂನುಬದ್ಧವೇ ಹೌದು. ಆಗ ಬೆಂಗಳೂರಿಗೂ ಅನ್ವಯಿಸುತ್ತಿದ್ದ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ ಮೇಯರ್‌ರನ್ನು ಆರಿಸುವವರು ಕಾರ್ಪೊರೇಟರ್‌ಗಳು ಮಾತ್ರವಲ್ಲ. ನಗರವನ್ನು ಪ್ರತಿನಿಧಿಸುವ ಶಾಸಕರು, ಲೋಕಸಭಾ ಸದಸ್ಯರು ಮತ್ತು ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಹಾಗೂ ರಾಜ್ಯಸಭಾ ಸದಸ್ಯರಿಗೂ ಅಲ್ಲಿ ಮತವಿದೆ. ಆದ್ದರಿಂದ 198ರಲ್ಲಿ 100 ಎಂಬ ಲೆಕ್ಕ ಆ ಸಭಾಂಗಣದ ಬಾಗಿಲಲ್ಲೇ ಬದಲಾಗುತ್ತದೆ. ಪ್ರಾದೇಶಿಕ ಆಯುಕ್ತರ ಅಧ್ಯಕ್ಷತೆಯಲ್ಲಿ ಸದಸ್ಯರು ಕೈ ಎತ್ತುತ್ತಾರೆ, ಅಧಿಕಾರಿಗಳು ಸಾಲು ಸಾಲಾಗಿ ಎಣಿಸುತ್ತಾರೆ; ಅಲ್ಲಿ ಶಾಸಕರ ಕೈಗೂ ಕಾರ್ಪೊರೇಟರ್ ಕೈಗೂ ಒಂದೇ ತೂಕ. ಕಾಂಗ್ರೆಸ್, ಜೆಡಿಎಸ್ ಮತ್ತು ಪಕ್ಷೇತರರು ಒಂದಾದಾಗ ಅತ್ತ ಸಂಖ್ಯೆ ಹೆಚ್ಚಾಯಿತು.

ವಾರ್ಡಿನ ಮತದಾರರು ಕೊಟ್ಟ ತೀರ್ಪನ್ನು ಬೇರೆ ಚುನಾವಣೆಯಲ್ಲಿ ಗೆದ್ದವರು ತಿರುಗಿಸುವುದು ಸರಿಯಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆದರೆ ಅದನ್ನು ಸರಿಪಡಿಸಬೇಕಾದದ್ದು ಶಾಸನಸಭೆ.

ಪ್ರಶ್ನೆ: ಹಾಗಾದರೆ 2019ರಲ್ಲಿ ಬಿಜೆಪಿಯವರು ಮೇಯರ್ ಆದದ್ದು ಹೇಗೆ? ನಡುವೆ ವಾರ್ಡ್ ಚುನಾವಣೆ ನಡೆದಿರಲಿಲ್ಲವಲ್ಲ? ಕಾರ್ಪೊರೇಟರ್‌ಗಳು ಪಕ್ಷಾಂತರ ಮಾಡಿದರೆ ಶಿಕ್ಷೆಯಿಲ್ಲವೇ?

ಉತ್ತರ: ಆ ಕಾಯ್ದೆಯಡಿ ಮೇಯರ್ ಅವಧಿ ಒಂದೇ ವರ್ಷವಾದ್ದರಿಂದ ಅಧಿಕಾರದ ಪರೀಕ್ಷೆ ಪ್ರತಿವರ್ಷವೂ ನಡೆಯುತ್ತಿತ್ತು. 2015ರಿಂದ ನಾಲ್ಕು ಅವಧಿ ಕಾಂಗ್ರೆಸ್ ಮೇಯರ್‌ಗಳಿದ್ದರು. 2019ರ ಜುಲೈನಲ್ಲಿ ರಾಜ್ಯದ ಮೈತ್ರಿ ಸರ್ಕಾರ ಬಿದ್ದು, ಬೆಂಗಳೂರಿನ ಕೆಲವು ಶಾಸಕರೂ ಅನರ್ಹಗೊಂಡಾಗ ಮೇಯರ್ ಆಯ್ಕೆಯಲ್ಲಿ ಮತ ಹಾಕುವವರ ಪಟ್ಟಿಯೇ ಬದಲಾಯಿತು; ಅಕ್ಟೋಬರ್‌ನಲ್ಲಿ ಬಿಜೆಪಿಯ ಗೌತಮ್ ಕುಮಾರ್ ಗೆದ್ದರು. ವಾರ್ಡ್‌ಗಳಿಗೆ ಹೊಸದಾಗಿ ಸಾರ್ವತ್ರಿಕ ಚುನಾವಣೆ ನಡೆಯದೆಯೇ ಪಾಲಿಕೆಯ ಹಿಡಿತ ಕೈಬದಲಾಯಿತು.

ಪಕ್ಷಾಂತರಕ್ಕೆ 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟರೆ, ಅಥವಾ ಪಕ್ಷ ನೀಡಿದ ವಿಪ್‌ಗೆ (ಹೀಗೇ ಮತ ಹಾಕಬೇಕೆಂಬ ಆದೇಶಕ್ಕೆ) ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಪಕ್ಷೇತರರ ಮೇಲೆ ಮಾತ್ರ ಯಾವ ಪಕ್ಷದ ವಿಪ್ಪೂ ನಡೆಯದು. ಸಂಖ್ಯೆ ಹತ್ತಿರ ಹತ್ತಿರ ಇದ್ದಾಗ ಅವರ ಬೆಲೆ ಏರುವುದಕ್ಕೆ ಇದೇ ಕಾರಣ. ವಿಪ್ ಉಲ್ಲಂಘನೆಯ ದೂರು ಗೆಲ್ಲಬೇಕಾದರೆ ವಿಪ್ ಸದಸ್ಯರಿಗೆ ತಲುಪಿದ್ದಕ್ಕೆ ಗಟ್ಟಿಯಾದ ಪುರಾವೆ ಬೇಕು. ಮನೆಬಾಗಿಲಿಗೆ ಅಂಟಿಸಿ ಬಂದೆವು ಎಂಬ ಬಾಯಿಮಾತನ್ನು ನಂಬಿ ಕಕ್ಷಿದಾರರು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ವಿಚಾರಣೆ ಮುಗಿಯುವಷ್ಟರಲ್ಲಿ ಮೇಯರ್‌ರ ಒಂದು ವರ್ಷವೇ ಕಳೆದಿರಬಹುದು. 2020ರ ಬಿಬಿಎಂಪಿ ಕಾಯ್ದೆ ಆ ಅವಧಿಯನ್ನು 30 ತಿಂಗಳಿಗೆ ಏರಿಸಿತಾದರೂ ಅದರಡಿ ಮೇಯರ್ ಆಯ್ಕೆ ನಡೆಯಲೇ ಇಲ್ಲ. ಹಳೆಯ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು.