ತೊಡೆಯ ಮೇಲಿನ ‘ಆರು ಅಂಗುಲ’: ಅಳತೆಗೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಆಕ್ಯುಪಂಕ್ಚರ್ ಕಲಿಯುವವರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೊಂಟನೋವಿಗೆಂದು ಸೂಜಿ ಹಾಕುವ, ತೊಡೆಯ ಹಿಂಭಾಗದ ಒಂದು ಬಿಂದುವಿನ ಬಳಿ ಬಂದು ವಾರದಿಂದ ನಿಂತಿದ್ದೇನೆ. ಚೀನೀ ಭಾಷೆಯಲ್ಲಿ ಅದರ ಹೆಸರು ಯಿನ್‌ಮೆನ್. ಆಕ್ಯುಪಂಕ್ಚರ್‌ನಲ್ಲಿ ಬಿಂದುಗಳನ್ನು ಸಾಲಾಗಿ ಜೋಡಿಸುವ ದಾರಿಗಳಿಗೆ ‘ಪಥ’ ಎನ್ನುತ್ತೇನೆ; ಮೂತ್ರಕೋಶದ ಹೆಸರು ಹೊತ್ತ ಪಥದ 67 ಬಿಂದುಗಳಲ್ಲಿ ಅದು 37ನೆಯದು. ಪೃಷ್ಠದ ಕೆಳಗಿನ ಮಡಿಕೆಯ ನಡುವಿನಿಂದ ಮಂಡಿಯ ಹಿಂದಿನ ಮಡಿಕೆಯ ನಡುವಿಗೆ ಗೆರೆ ಎಳೆದರೆ, ಮೇಲಿನಿಂದ ಆರು ‘ತ್ಸುನ್’ (ರೋಗಿಯ ದೇಹದಿಂದಲೇ ಅಳೆಯುವ ಚೀನೀ ಅಳತೆ) ಕೆಳಗೆ ಅದು ಸಿಗುತ್ತದೆ.

ಈ ‘ತ್ಸುನ್’ ಎಂಬುದೇ ತೊಡಕು. ಮೊದಲ ಕರಡಿನಲ್ಲಿ ‘ಅಂಗುಲ’ ಎಂದು ಬರೆದಿದ್ದೆ. ಅದನ್ನು ಓದಿದ ನನ್ನ ತಂಗಿ ನೇರವಾಗಿ ಟೇಪು ತಂದು ಆರು ಇಂಚು ಅಳೆದು, ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡಳು. ಅವಳ ಕಾಲಿನಲ್ಲಿ ಆ ಎರಡು ಮಡಿಕೆಗಳ ನಡುವೆ 30 ಸೆಂ.ಮೀ. ಇದೆ. ಆ ಅಂತರ ಯಾರಿಗಾದರೂ 14 ತ್ಸುನ್ ಎಂಬುದು ಶಾಸ್ತ್ರದ ಲೆಕ್ಕ. ಹಾಗಾದರೆ ಅವಳ ಆರು ತ್ಸುನ್ ಸುಮಾರು 12.9 ಸೆಂ.ಮೀ.; ಚುಕ್ಕೆ ಬಿದ್ದದ್ದು 15.2ರಲ್ಲಿ. ನನ್ನ ಒಂದು ಪದದಿಂದ ಬಿಂದು ಎರಡು ಸೆಂ.ಮೀ.ಗೂ ಹೆಚ್ಚು ಕೆಳಗೆ ಜಾರಿತು. ಅದೇ ತೊಡೆಯೊಳಗೆ, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರವೂ ಹಾದುಹೋಗುತ್ತದೆ ಎಂಬುದು ನೆನಪಾಗಿ ನನಗೆ ಸಮಾಧಾನ ಹೋಯಿತು.

‘ಅಂಗುಲ’ದ ಹಳೆಯ ಅರ್ಥ ಇಂಚಲ್ಲ, ಬೆರಳಿನ ಅಗಲ ಎಂದು ನೀವು ಹೇಳಬಹುದು. ಆಯುರ್ವೇದದಲ್ಲಿ ರೋಗಿಯ ಸ್ವಂತ ಬೆರಳಿನಿಂದ ಅಳೆಯುವ ಸ್ವಾಂಗುಲ ಪ್ರಮಾಣವೂ ಇದೆ. ಆದರೂ ಎರಡೂ ಒಂದಾಗುವುದಿಲ್ಲ. ತ್ಸುನ್ ಎಂದರೆ ರೋಗಿಯ ಹೆಬ್ಬೆರಳಿನ ಗೆಣ್ಣಿನ ಅಗಲ. ಉಳಿದ ನಾಲ್ಕು ಬೆರಳು ಜೋಡಿಸಿದರೆ ಮೂರು ತ್ಸುನ್. ಆರು ಬೆರಳಗಲವೆಂದರೆ ನಾಲ್ಕೂವರೆ ತ್ಸುನ್ ಮಾತ್ರ. ಒಂದು ಅರ್ಥ ಹಿಡಿದರೆ ಬಿಂದು ಕೆಳಕ್ಕೆ ಹೋಗುತ್ತದೆ, ಇನ್ನೊಂದನ್ನು ಹಿಡಿದರೆ ಮೇಲಕ್ಕೆ.

‘ಪಾಲು’ ಎಂದರೆ ಹೇಗೆ? ‘ಗೆರೆಯನ್ನು 14 ಪಾಲು ಮಾಡಿ, ಮೇಲಿನ ಆರು ಪಾಲು ಬಿಟ್ಟು ಗುರುತಿಡಿ.’ ವಾಕ್ಯ ಸೊಗಸಾಗಿದೆ, ತಪ್ಪಿಗೂ ಎಡೆಯಿಲ್ಲ. ಆದರೆ ಸೂಜಿಯ ಆಳವನ್ನೂ ತ್ಸುನ್‌ನಲ್ಲಿಯೇ ಹೇಳುತ್ತಾರೆ. ‘ಒಂದು ಪಾಲು ಆಳ’ ಎಂದರೆ ಏನೂ ತಿಳಿಯುವುದಿಲ್ಲ. ಸದ್ಯಕ್ಕೆ ‘ಹೆಬ್ಬೆರಳಗಲ’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ, ಆದರೆ ಓದಿದವರು ಟೇಪು ಹುಡುಕುವ ಬದಲು ರೋಗಿಯ ಕೈ ನೋಡುತ್ತಾರೆ. ಇದಕ್ಕಿಂತ ಚಿಕ್ಕದಾದ, ಬಳಕೆಯಲ್ಲಿರುವ ಪದ ನಿಮಗೆ ಗೊತ್ತಿದೆಯೇ?

ಹೆಸರಿನ ಬಗ್ಗೆಯೂ ಒಂದು ಮಾತು. ಯಿನ್‌ಮೆನ್ ಅನ್ನು ನಾನು ‘ಯಿನ್‌ನ ಬಾಗಿಲು’ ಎಂದು ಬಿಡಿಸಿ, ಯಿನ್-ಯಾಂಗ್ ಬಗ್ಗೆ ಅಡಿಟಿಪ್ಪಣಿಯನ್ನೂ ಬರೆದುಬಿಟ್ಟಿದ್ದೆ. ಅದು ತಪ್ಪು. ಉಚ್ಚಾರ ಒಂದೇ, ಅಕ್ಷರ ಬೇರೆ. ಇಲ್ಲಿಯ ‘ಯಿನ್’ಗೆ ಸಮೃದ್ಧಿ, ತುಂಬಿರುವಿಕೆ ಎಂಬ ಅರ್ಥ. ತೊಡೆಯಲ್ಲಿ ಮಾಂಸ ತುಂಬಿಕೊಂಡಿರುವ ಎಡೆಗೆ ‘ತುಂಬುಬಾಗಿಲು’ ಎಂದರೆ ನನ್ನ ಕಿವಿಗೆ ಹಿತವಾಗಿದೆ.

ಬಿಂದುವನ್ನು ‘ಮರ್ಮ’ ಎನ್ನಬೇಕೆಂದು ಒಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಸುಶ್ರುತ ಎಣಿಸುವ 107 ಮರ್ಮಗಳು ಪೆಟ್ಟು ಬೀಳದಂತೆ ಕಾಯಬೇಕಾದ ಜಾಗಗಳು; ತೊಡೆಯ ನಡುವಿನ ‘ಊರ್ವೀ’ ಮರ್ಮಕ್ಕೆ ಗಾಯವಾದರೆ ರಕ್ತ ಹೋಗಿ ಕಾಲು ಸೊರಗುತ್ತದೆ ಎನ್ನುತ್ತಾನೆ. ಸೂಜಿ ಚುಚ್ಚುವ ಜಾಗಕ್ಕೆ ಆ ಹೆಸರು ಸಲ್ಲದು.

ಕೊನೆಯದಾಗಿ ‘ತೊಡೆಯ ಹಿಂಭಾಗ’. ಪುಟಕ್ಕೆ ಹತ್ತು ಸಲ ಬರುತ್ತದೆ. ‘ತೊಡೆ’ ಎಂದೊಡನೆ ನಮಗೆ ಮಗುವನ್ನು ಕೂರಿಸಿಕೊಳ್ಳುವ ಮುಂಭಾಗವೇ ಕಣ್ಣಿಗೆ ಕಟ್ಟುವುದರಿಂದ ಬರಿದೆ ‘ತೊಡೆ’ ಎಂದು ಬಿಡುವಂತಿಲ್ಲ. ತಲೆಗೆ ‘ಹಿಂದಲೆ’ ಇರುವಂತೆ ತೊಡೆಗೆ ‘ಹಿಂದೊಡೆ’ ಎಂದು ಯಾರಾದರೂ ಆಡಿದ್ದನ್ನು ಕೇಳಿದ್ದೀರಾ?