ಸಹಾಯ ಬೇಕು: ಯೂನಿಟ್ ಮುಚ್ತಾರಂತೆ, ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ

ಎಲ್ಲರಿಗೂ ನಮಸ್ಕಾರ. ಕಾರ್ಮಿಕ ಕಾನೂನು ಬಲ್ಲವರು ದಯವಿಟ್ಟು ಓದಿ.

ನಾವು ಕೆಲಸ ಮಾಡುವ ಪ್ಯಾಕಿಂಗ್ ಯೂನಿಟ್ ಮುಚ್ಚುತ್ತಾರಂತೆ. ನೋಟಿಸ್ ಬೋರ್ಡಿನಲ್ಲಿ ಏನೂ ಹಾಕಿಲ್ಲ. ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಒಳಗೆ ಕರೆದು, ಟೈಪ್ ಮಾಡಿದ ಒಂದು ಹಾಳೆ ಮುಂದಿಡುತ್ತಿದ್ದಾರೆ. ‘ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ’ ಅಂತ ಅದರಲ್ಲಿದೆ. ತಾರೀಖಿನ ಜಾಗ ಖಾಲಿ. ಫೋಟೋ ತೆಗೆಯೋಕೂ ಬಿಡುವುದಿಲ್ಲ. ಸಹಿ ಹಾಕಿದರೆ ಕಂಟ್ರಾಕ್ಟರ್ ಕೆಳಗೆ ಇದೇ ಕೆಲಸ ಮುಂದುವರಿಸಬಹುದಂತೆ.

ನಮ್ಮ ದೇಶದ ಕಾನೂನಿನಲ್ಲಿ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ಜೊತೆಗೆ ಪ್ರತಿ ಪೂರ್ತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಗ್ರ್ಯಾಚುಟಿ ಬೇರೆ. ನಾವಾಗೇ ರಾಜೀನಾಮೆ ಕೊಟ್ಟರೆ ಈ ಪರಿಹಾರ ಕೈತಪ್ಪುತ್ತದೆ, ಅಲ್ವಾ? ಅದಕ್ಕೇ ಈ ಹಾಳೆ ಅಂತ ನನ್ನ ಅನುಮಾನ.

ನಾನಿನ್ನೂ ಸಹಿ ಹಾಕಿಲ್ಲ. ಆದರೆ ಹೆದರಿ ಹಾಕಿದವರಿದ್ದಾರೆ. ಬಾಡಿಗೆ, ಮಕ್ಕಳ ಫೀಸು ಇರುವವರು, ಅವರನ್ನು ದೂರೋಕಾಗಲ್ಲ. ಬಲವಂತದಿಂದ ಬರೆಸಿಕೊಂಡರು ಅಂತ ಅವರು ಈಗ ಲಿಖಿತವಾಗಿ ಕೊಟ್ಟರೆ ನಡೆಯುತ್ತದಾ? ಕಂಟ್ರಾಕ್ಟರ್ ಕಡೆ ಹೋದರೆ ಹಳೆಯ ಸರ್ವಿಸ್ ಲೆಕ್ಕಕ್ಕೆ ಬರುತ್ತದಾ, ಇಲ್ಲ ಮೊದಲಿಂದ ಶುರುವಾ? ನಮ್ಮಲ್ಲಿ ಯೂನಿಯನ್ ಇಲ್ಲ. ಲೇಬರ್ ಆಫೀಸಿಗೆ ನಾಲ್ಕೈದು ಜನ ಸೇರಿ ದೂರು ಕೊಡುವುದು ಮೇಲಾ, ಒಬ್ಬೊಬ್ಬರೇ ಕೊಡುವುದಾ?

ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ ಎತ್ತಿಟ್ಟುಕೊಂಡಿದ್ದೇನೆ. ಇನ್ನೇನು ಬೇಕು ತಿಳಿಸಿ. ಇಂಥದ್ದನ್ನು ಎದುರಿಸಿದವರು ಇದ್ದರೆ ಮೊದಲು ನೀವೇ ಹೇಳಿ, ನಾಳೆ ನನ್ನನ್ನು ಕರೆಯುತ್ತಾರೆ.