ಪ್ಲಾಸ್ಟರಿಂಗ್ ಕೆಲಸದ 11.4 ಲಕ್ಷ ಬಾಕಿ, ಕೇಸ್ ಹಾಕೋ ಮೂರು ವರ್ಷದ ಗಡುವು ತುಂಬೋಕೆ ಮೂರೇ ತಿಂಗಳು: ದಾರಿ ಏನು?

ಗಾರೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಾನು ಬ್ಲಾಕ್ ವರ್ಕ್, ಪ್ಲಾಸ್ಟರಿಂಗ್ ಸಬ್ ಕಾಂಟ್ರಾಕ್ಟ್ ಮಾಡ್ತೀನಿ. ಯಲಹಂಕದ ಕಡೆ ಒಂದು ಅಪಾರ್ಟ್‌ಮೆಂಟ್ ಕೆಲಸ, ಮೇನ್ ಕಾಂಟ್ರಾಕ್ಟರ್ ಕೈಕೆಳಗೆ. ಕೆಲಸ ಮುಗಿದದ್ದು 2023ರ ಮಾರ್ಚ್ 18. ಒಟ್ಟು 38 ಲಕ್ಷದ ಕೆಲಸ, ಕೈಗೆ ಬಂದದ್ದು 26.6. ಫೈನಲ್ ಬಿಲ್‌ನಲ್ಲಿ 9.5 ಲಕ್ಷ ಬಾಕಿ, 5% ರಿಟೆನ್ಷನ್ (ಕೆಲಸದಲ್ಲಿ ದೋಷ ಬಂದ್ರೆ ಅಂತ ಹಿಡಿದಿಟ್ಟ ದುಡ್ಡು) 1.9 ಲಕ್ಷ ಬೇರೆ. ಕೇಳಿದಾಗಲೆಲ್ಲ "ಮೇಲಿಂದ ಬಂದ್ರೆ ಕೊಡ್ತೀವಿ" ಅಂತಾರೆ. ಹೋದ ವರ್ಷ ಗೋಡೆ ಬಿರುಕು ಬಿಟ್ಟಿದೆ ಅಂತ 4 ಲಕ್ಷದ ಡೆಬಿಟ್ ನೋಟ್ (ಬಾಕಿಯಲ್ಲಿ ಇಷ್ಟು ಕಡಿತ ಅನ್ನೋ ಚೀಟಿ) ಕಳಿಸಿದ್ರು. ಅಗ್ರಿಮೆಂಟ್ ಇಲ್ಲ, ಬರೀ ವರ್ಕ್ ಆರ್ಡರ್ ಇದೆ. ಈಗ 2025ರ ಡಿಸೆಂಬರ್. ಪರಿಚಯದ ವಕೀಲರೊಬ್ಬರು ನೋಟಿಸ್ ಕಳಿಸಿದ್ರೆ ಕೇಸ್ ಹಾಕೋಕೆ ಮತ್ತೆ ಮೂರು ವರ್ಷ ಸಿಗುತ್ತೆ ಅಂದ್ರು. ಜೊತೆಗೆ ಎಂಎಸ್‌ಎಂಇ ಸಮಾಧಾನ್ (ಸಣ್ಣ ಉದ್ಯಮದವರ ಬಾಕಿ ದೂರಿಗೆ ಸರ್ಕಾರದ) ಪೋರ್ಟಲ್‌ನಲ್ಲಿ ಹಾಕಿದ್ರೆ ಚಕ್ರಬಡ್ಡಿ ಸಮೇತ ಬರುತ್ತಂತೆ. ನಿಜಾನಾ? ಹುಡುಗರ ಕೂಲಿ ಸಾಲ ಮಾಡಿ ಕೊಟ್ಟಿದೀನಿ, ಜಿಎಸ್‌ಟಿ ಕೂಡ ಕೈಯಿಂದಲೇ ಕಟ್ಟಿದೀನಿ.

ಸೆಂಟ್ರಿಂಗ್_ಮಂಜ:
ಅಣ್ಣ, ನಾನಾಗಿದ್ರೆ ಹತ್ತು ಜನ ಹುಡುಗರನ್ನ ಕರ್ಕೊಂಡು ಸೈಟ್ ಗೇಟ್ ಮುಂದೆ ಕೂತ್ಕೋತಿದ್ದೆ. ಇಲ್ಲಾಂದ್ರೆ ಸ್ಟೇಷನ್‌ನಲ್ಲಿ ಚೀಟಿಂಗ್ ಕೇಸು.

ಕರಿಕೋಟು:
ಮಂಜಣ್ಣ, ಗೇಟ್ ಮುಂದೆ ಕೂತರೆ ಕೇಸು ನಿಮ್ಮ ಮೇಲೇ ಬೀಳುತ್ತೆ. ಸ್ಟೇಷನ್‌ನಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ಎನ್‌ಸಿಆರ್ (ಎಫ್‌ಐಆರ್ ಅಲ್ಲದ ಬರೀ ದೂರಿನ ಚೀಟಿ) ಕೊಟ್ಟು ಕಳಿಸ್ತಾರೆ. ಅವರು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ.

ಗಾರೆಯವರೇ, ನೋಟಿಸ್ ವಿಷಯ ತಪ್ಪು. ನೀವು ಎಷ್ಟು ಲೀಗಲ್ ನೋಟಿಸ್ ಕಳಿಸಿದರೂ ಗಡುವು ಒಂದು ದಿನವೂ ಮುಂದೆ ಹೋಗಲ್ಲ. ಲಿಮಿಟೇಷನ್ ಕಾಯ್ದೆ, 1963ರ ಅನುಚ್ಛೇದ 18ರ ಪ್ರಕಾರ ಮಾಡಿದ ಕೆಲಸದ ದುಡ್ಡಿಗೆ, ಪಾವತಿಯ ದಿನ ಗೊತ್ತುಮಾಡಿಲ್ಲದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷ. ಅಂದರೆ 2026ರ ಮಾರ್ಚ್ 17ನೇ ನಿಮ್ಮ ಕೊನೆ ದಿನ ಅಂದುಕೊಂಡೇ ಕೆಲಸ ಮಾಡಿ. ಹೊಸದಾಗಿ ಮೂರು ವರ್ಷ ಸಿಗೋದು ಬಾಕಿ ಇದೆ ಅಂತ *ಅವರು* ಗಡುವಿನೊಳಗೆ ಬರೆದು ಸಹಿ ಹಾಕಿದರೆ (ಅದೇ ಕಾಯ್ದೆಯ ಕಲಂ 18). ನಿಮ್ಮ ಪತ್ರಕ್ಕೆ ಆ ಬೆಲೆ ಇಲ್ಲ. ನಡುವೆ ಅವರು ಒಂದಿಷ್ಟು ದುಡ್ಡು ಹಾಕಿದ್ದರೂ ಬರೀ ಬ್ಯಾಂಕ್ ಎಂಟ್ರಿ ನೆಚ್ಚಿಕೊಳ್ಳಬೇಡಿ, ಅದಕ್ಕೂ ಅವರ ಕೈಬರಹವೋ ಸಹಿಯೋ ಬೇಕು.

ರಿಟೆನ್ಷನ್ ಲೆಕ್ಕ ಬೇರೆ. ಡಿಫೆಕ್ಟ್ ಲಯಬಿಲಿಟಿ (ದೋಷಕ್ಕೆ ನೀವು ಹೊಣೆಯಾಗಿರೋ ಅವಧಿ) 12 ತಿಂಗಳಿದ್ದರೆ ಅದು ಮುಗಿದ ಮೇಲೆ ಗಡಿಯಾರ ಶುರು. ಆ 1.9 ಲಕ್ಷಕ್ಕೆ ಇನ್ನೂ ಉಸಿರಿದೆ. ಆತಂಕ ಇರೋದು 9.5 ಲಕ್ಷದ್ದು.

ಎರಡು ಪ್ರಶ್ನೆ: ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲು) ಯಾವಾಗ ಮಾಡಿಸಿದ್ರಿ? ವರ್ಕ್ ಆರ್ಡರ್‌ನ ಹಿಂಬದಿ ಓದಿದೀರಾ?

ಗಾರೆ_ದಾವಣಗೆರೆ:
ಉದ್ಯಮ್ ಮಾಡಿಸಿದ್ದು 2023ರ ಆಗಸ್ಟ್‌ನಲ್ಲಿ ಸರ್, ಬ್ಯಾಂಕ್ ಲೋನ್‌ಗೆ ಅಂತ. ವರ್ಕ್ ಆರ್ಡರ್ ಮನೇಲಿದೆ, ರಾತ್ರಿ ಹುಡುಕ್ತೀನಿ.

ಕರಿಕೋಟು:
ಹಾಗಾದರೆ ಸಮಾಧಾನ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಎಂಎಸ್‌ಎಂಇ ಕಾಯ್ದೆ, 2006ರಲ್ಲಿ ದುಡ್ಡು ಕೊಡೋಕೆ 45 ದಿನದ ಮಿತಿ, ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಎಲ್ಲ ಇದೆ. ಆದರೆ ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿದರೆ ಹಿಂದಿನದಕ್ಕೆ ಆ ಲಾಭ ಇಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಸಿಲ್ಪಿ ಇಂಡಸ್ಟ್ರೀಸ್ ಕೇಸಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಬೇರೆ ಅಭಿಪ್ರಾಯಪಟ್ಟು ದೊಡ್ಡ ಪೀಠಕ್ಕೆ ಕಳಿಸಿದೆ. ಸಾಲದ್ದಕ್ಕೆ ವರ್ಕ್ಸ್ ಕಾಂಟ್ರಾಕ್ಟ್‌ಗೆ (ಸಾಮಾನು, ಕೆಲಸ ಎರಡೂ ಸೇರಿದ ಗುತ್ತಿಗೆಗೆ) ಈ ಕಾಯ್ದೆ ಅನ್ವಯಿಸಲ್ಲ ಅಂತ ಬಾಂಬೆ ಹೈಕೋರ್ಟ್ ಥರದ ಕಡೆ ತೀರ್ಪುಗಳಿವೆ. ಮೂರು ತಿಂಗಳು ಉಳಿದಿರುವಾಗ ಈ ಕೆಸರಿಗೆ ಇಳಿಯಬೇಡಿ.

ಎಂಬಿ_ಪುಸ್ತಕ:
ನಾನು ಲೋಕೋಪಯೋಗಿಯಲ್ಲಿ ಸರ್ವಿಸ್ ಮುಗಿಸಿದವನು. ಕಾನೂನು ಅವರು ಹೇಳ್ತಾರೆ, ನಾನು ಕಾಗದ ಹೇಳ್ತೀನಿ.

ಜಾಯಿಂಟ್ ಮೆಷರ್‌ಮೆಂಟ್ ಶೀಟ್ (ಇಬ್ಬರೂ ಸೇರಿ ಅಳತೆ ಬರೆದ ಹಾಳೆ) ಇದೆಯಾ? ಪ್ರತಿ ಹಾಳೆ ಮೇಲೂ ಸೈಟ್ ಎಂಜಿನಿಯರ್ ಸಹಿ ಇದೆಯಾ? ನಿಮ್ಮ ಕೇಸಿನ ಬೆನ್ನುಮೂಳೆ ಅದೇ. ಆರ್‌ಎ ಬಿಲ್ (ಕೆಲಸ ನಡೆಯುವಾಗ ಆಗಾಗ ಹಾಕೋ ಬಿಲ್) ಒಂದರಿಂದ ಫೈನಲ್‌ವರೆಗೂ ಒಂದೇ ಫೈಲಿಗೆ ಹಾಕಿ. ಎಷ್ಟೋ ಜನ ಚದರ ಲೆಕ್ಕ ಬಾಯಲ್ಲೇ ಹೇಳ್ತಾರೆ, ಅದನ್ನ ಯಾರೂ ಕೇಳಲ್ಲ.

ಇನ್ನು ಬಿರುಕು. ಎಲ್ಲಿ ಬಿಟ್ಟಿದೆ? ಕಾಲಂ, ಬೀಮ್ ಬ್ಲಾಕಿಗೆ ಸೇರೋ ಗೆರೆ ಉದ್ದಕ್ಕೇ ನೆಟ್ಟಗೆ ಬಿಟ್ಟಿದ್ದರೆ ಅಲ್ಲಿ ಚಿಕನ್ ಮೆಶ್ (ಪ್ಲಾಸ್ಟರ್ ಬಿರುಕು ಬಿಡದಿರಲಿ ಅಂತ ಹಾಕೋ ತಂತಿ ಬಲೆ) ಹಾಕಿಲ್ಲ ಅಂತ ಅನುಮಾನ ಪಡಬೇಕು. ಮೆಶ್ ಕೊಡಬೇಕಾದ್ದು ಯಾರು ಅಂತ ವರ್ಕ್ ಆರ್ಡರ್‌ನಲ್ಲಿ ನೋಡಿ. ಲೇಬರ್ ರೇಟ್ ಕೆಲಸ ಆಗಿದ್ದರೆ ಮಟೀರಿಯಲ್ ಅವರದ್ದೇ ಇರುತ್ತೆ. ಗೋಡೆ ತುಂಬ ಜೇಡರ ಬಲೆ ಥರ ಸಣ್ಣ ಬಿರುಕಾದರೆ ಕ್ಯೂರಿಂಗ್ (ಗಾರೆಗೆ ನೀರುಣಿಸೋದು) ಪ್ರಶ್ನೆ. ಆಗ ನೀರಿನ ಟ್ಯಾಂಕರ್ ಯಾರ ಹೊಣೆ ಅಂತ ಬರುತ್ತೆ. ಈ ಎರಡು ಬಿರುಕನ್ನೂ ಒಂದೇ ಡೆಬಿಟ್ ನೋಟ್‌ಗೆ ತುರುಕಿರ್ತಾರೆ, ಬಿಡಿಸಿ ಉತ್ತರ ಕೊಡಿ.

ಹಾಗೇ ನಿಮ್ಮ ಆಡಿಟರ್‌ಗೆ ಹೇಳಿ 2022-23ರ 26ಎಎಸ್ (ನಿಮ್ಮ ಹೆಸರಲ್ಲಿ ಯಾರು ಎಷ್ಟು ತೆರಿಗೆ ಹಿಡಿದಿದ್ದಾರೆ ಅನ್ನೋ ಆದಾಯ ತೆರಿಗೆ ಪಟ್ಟಿ) ತೆಗೆಸಿ.

ಗಾರೆ_ದಾವಣಗೆರೆ:
ಸರ್, ಬಿರುಕು ಪೂರ್ತಿ ಕಾಲಂ ಪಕ್ಕದಲ್ಲೇ. ಮೆಶ್ ಬಂದಿಲ್ಲ ಅಂತ ನಾನು ಅವತ್ತೇ ವಾಟ್ಸಾಪ್‌ನಲ್ಲಿ ಫೋಟೊ ಹಾಕಿ ಕೇಳಿದ್ದೆ. "ಮಾಡ್ಕೊಂಡು ಹೋಗಪ್ಪ, ಸ್ಲ್ಯಾಬ್ ಲೇಟಾಗ್ತಿದೆ" ಅಂತ ಎಂಜಿನಿಯರ್ ರಿಪ್ಲೈ ಇದೆ. ಶೀಟಿಗೆ ಸಹಿ ಇದೆ, ಕೊನೆ ನಾಲ್ಕು ಹಾಳೆಗೆ ಇಲ್ಲ.

26ಎಎಸ್ ನೋಡಿ ತಲೆ ತಿರುಗ್ತು. ಮಾರ್ಚ್ 31ಕ್ಕೆ ಒಟ್ಟು 38 ಲಕ್ಷಕ್ಕೂ 194ಸಿ (ಗುತ್ತಿಗೆ ದುಡ್ಡಿನ ತೆರಿಗೆ ಕಲಂ) ಅಡಿ 1% ಟಿಡಿಎಸ್ ಕಟ್ಟಿದಾರೆ! ದುಡ್ಡೇ ಕೊಟ್ಟಿಲ್ಲ, ಟಿಡಿಎಸ್ ಹೇಗೆ?

ಕರಿಕೋಟು:
ಟಿಡಿಎಸ್ ದುಡ್ಡು ಕೊಟ್ಟಾಗ ಅಥವಾ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಜಮೆ ಬರೆದಾಗ, ಯಾವುದು ಮೊದಲೋ ಆಗ ಹಿಡೀಬೇಕು. ಅಂದರೆ ಅವರ ಪುಸ್ತಕದಲ್ಲೇ ನಿಮ್ಮ ಪೂರ್ತಿ ಬಿಲ್ ಕೂತಿದೆ, ಸಹಿ ಇಲ್ಲದ ನಾಲ್ಕು ಹಾಳೆ ಸೇರಿ. ಇದೊಂದರಿಂದಲೇ ಗಡುವು ಬೆಳೆಯುತ್ತೆ ಅಂತ ನಾನು ಹೇಳಲ್ಲ, ಆದರೆ "ಆ ಕೆಲಸ ಮಾಡೇ ಇಲ್ಲ" ಅಂತ ಅವರ ಬಾಯಲ್ಲಿ ಇನ್ನು ಬರೋದು ಕಷ್ಟ. ಜಿಎಸ್‌ಟಿಯಲ್ಲೂ ಹಾಗೇ: 180 ದಿನದೊಳಗೆ ನಿಮಗೆ ಪಾವತಿ ಮಾಡದಿದ್ದರೆ ಅವರು ತಗೊಂಡ ಇನ್‌ಪುಟ್ ಕ್ರೆಡಿಟ್ (ನಿಮ್ಮ ಬಿಲ್‌ನ ಜಿಎಸ್‌ಟಿಯನ್ನ ತಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಪತ್ರದಲ್ಲಿ ಒಂದು ಸಾಲು ಬರೆಸಿ, ಅವರ ಅಕೌಂಟ್ಸ್ ವಿಭಾಗಕ್ಕೆ ಬಿಸಿ ಮುಟ್ಟುತ್ತೆ.

ವಾಟ್ಸಾಪ್ ಇರೋ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ನಡೆಯಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಎರಡು ಭಾಗ, ಒಂದು ನಿಮ್ಮದು, ಇನ್ನೊಂದು ತಜ್ಞರದ್ದು.

ದಾರಿ ಹೀಗೆ: ನಿರ್ಮಾಣ ಗುತ್ತಿಗೆ, 3 ಲಕ್ಷಕ್ಕಿಂತ ಮೇಲೆ, ಹಾಗಾಗಿ ಕಮರ್ಷಿಯಲ್ ಕೋರ್ಟ್. ಆದರೆ ನೇರ ದಾವೆ ಹಾಕಿದರೆ ತಿರಸ್ಕಾರ ಆಗುತ್ತೆ, ಮೊದಲು ಕಮರ್ಷಿಯಲ್ ಕೋರ್ಟ್ ಕಾಯ್ದೆಯ ಕಲಂ 12ಎ ಪ್ರಕಾರ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆ (ಮೀಡಿಯೇಷನ್, ರಾಜಿ ಮಾತುಕತೆ). ಅರ್ಜಿ ಶುಲ್ಕ ಸಾವಿರ ರೂಪಾಯಿ. ಅವರು ಬರದಿದ್ದರೆ ನಾನ್ ಸ್ಟಾರ್ಟರ್ ರಿಪೋರ್ಟ್ (ಮಾತುಕತೆ ಶುರುವೇ ಆಗಲಿಲ್ಲ ಅನ್ನೋ ವರದಿ) ಕೊಡ್ತಾರೆ, ಅದನ್ನ ಹಿಡಿದು ದಾವೆ. ಮಧ್ಯಸ್ಥಿಕೆಗೆ ಹಿಡಿದ ದಿನಗಳು ಮೂರು ವರ್ಷದ ಲೆಕ್ಕಕ್ಕೆ ಬರಲ್ಲ. ಆದರೂ ವರ್ಕ್ ಆರ್ಡರ್ ನೋಡದೆ ಒಂದು ಹೆಜ್ಜೆನೂ ಇಡಬೇಡಿ.

ಗಾರೆ_ದಾವಣಗೆರೆ:
ಸಿಕ್ತು. ಹಿಂದೆ ಇರುವೆ ಸಾಲಿನಂಥ ಅಕ್ಷರ. ನಂ. 14: ಯಾವುದೇ ವಿವಾದ ಆರ್ಬಿಟ್ರೇಷನ್‌ಗೆ (ಕೋರ್ಟ್ ಬದಲು ಖಾಸಗಿ ತೀರ್ಪುಗಾರರ ಮುಂದೆ), ಬೆಂಗಳೂರಿನಲ್ಲಿ, ಕಂಪನಿ ಎಂ.ಡಿ. ನೇಮಿಸಿದವರೇ ಆರ್ಬಿಟ್ರೇಟರ್. ಕೆಳಗೆ ನನ್ನ ಸಹಿ ಇದೆ. ಓದೇ ಇರಲಿಲ್ಲ.

ಕರಿಕೋಟು:
ನಾನು ಮೇಲೆ ಬರೆದ ಕೊನೆ ಪ್ಯಾರಾ ಹರಿದು ಹಾಕಿ. ಕೋರ್ಟಿಗೆ ಹೋಗಿದ್ದರೆ ಮೊದಲ ದಿನವೇ ಆರ್ಬಿಟ್ರೇಷನ್ ಕಾಯ್ದೆ ಕಲಂ 8ರ ಅರ್ಜಿ ಹಾಕಿ ನಿಮ್ಮನ್ನ ವಾಪಸ್ ಕಳಿಸ್ತಿದ್ದರು, ಅಷ್ಟರಲ್ಲಿ ಮಾರ್ಚ್ ಬಂದಿರುತ್ತಿತ್ತು.

ಈಗ ನಿಮಗೆ ಬೇಕಾದ್ದು ಆರ್ಬಿಟ್ರೇಷನ್ ಕಾಯ್ದೆ, 1996ರ ಕಲಂ 21ರ ನೋಟಿಸ್. ಮೊದಲು ನೋಟಿಸ್‌ಗೆ ಬೆಲೆ ಇಲ್ಲ ಅಂದೆ ಅಲ್ವಾ, ಇದೊಂದಕ್ಕೆ ಇದೆ. ಅದು *ಅವರ ಕೈ ಸೇರಿದ* ದಿನ ಕೇಸ್ ಶುರುವಾದಂತೆ, ಗಡಿಯಾರ ಅಲ್ಲೇ ನಿಲ್ಲುತ್ತೆ. "ದುಡ್ಡು ಕೊಡಿ" ಅಂತ ಬರೆದರೆ ಸಾಲದು. ವರ್ಕ್ ಆರ್ಡರ್ ನಂಬರ್, 14ನೇ ಷರತ್ತು, 11.4 ಲಕ್ಷ ಪ್ಲಸ್ ಬಡ್ಡಿ, ಈ ವಿವಾದವನ್ನ ಆರ್ಬಿಟ್ರೇಷನ್‌ಗೆ ಒಪ್ಪಿಸ್ತಿದ್ದೇನೆ, ಇಂಥವರನ್ನ ಸೂಚಿಸ್ತೇನೆ ಅಂತ ಬಿಡಿಸಿ ಇರಬೇಕು. ನೋಂದಾಯಿತ ಕಚೇರಿ ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಜೊತೆಗೆ ಇಮೇಲ್. ಡೆಲಿವರಿ ಟ್ರ್ಯಾಕಿಂಗ್ ಪ್ರಿಂಟ್ ತೆಗೆದಿಡಿ. ಮಾರ್ಚ್‌ವರೆಗೆ ಕಾಯದೆ ಜನವರಿಯೊಳಗೆ ಮುಟ್ಟಿಸಿ.

ಎಂ.ಡಿ. ತಾನೇ ಆರ್ಬಿಟ್ರೇಟರ್ ನೇಮಿಸೋದು ನಡೆಯಲ್ಲ, ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಇದೆ. ನೀವು ಸೂಚಿಸಿದವರನ್ನ 30 ದಿನದಲ್ಲಿ ಒಪ್ಪದಿದ್ದರೆ ಆರ್ಬಿಟ್ರೇಟರ್ ನೇಮಿಸಿ ಅಂತ ಹೈಕೋರ್ಟಿಗೆ ಕಲಂ 11ರ ಅರ್ಜಿ.

ಖರ್ಚು ಮೊದಲೇ ತಿಳ್ಕೊಳ್ಳಿ. ಆರ್ಬಿಟ್ರೇಟರ್ ಫೀಸು, ಕಾಯ್ದೆಯ ನಾಲ್ಕನೇ ಅನುಸೂಚಿ ಹಿಡಿದರೆ 5 ಲಕ್ಷದವರೆಗೆ 45,000, ಅದರ ಮೇಲಿನ 6.4 ಲಕ್ಷಕ್ಕೆ 3.5% ಅಂದರೆ 22,400. ಒಬ್ಬರೇ ಆರ್ಬಿಟ್ರೇಟರ್ ಆದರೆ 25% ಹೆಚ್ಚು. ಒಟ್ಟು 84,250, ಸಾಮಾನ್ಯವಾಗಿ ಅರ್ಧರ್ಧ. ವಕೀಲರ ಫೀಸು ಬೇರೆ.

ಸೆಂಟ್ರಿಂಗ್_ಮಂಜ:
ನಾನೂ ನನ್ನ ಮೂರು ವರ್ಕ್ ಆರ್ಡರ್ ತಿರುಗಿಸಿ ನೋಡ್ದೆ. ಮೂರರಲ್ಲೂ ಇದೆ 😐

ಗಾರೆ_ದಾವಣಗೆರೆ (ಐದು ವಾರದ ಮೇಲೆ):
ನೋಟಿಸ್ ಮುಟ್ಟಿದೆ, ಟ್ರ್ಯಾಕಿಂಗ್ ಪ್ರಿಂಟ್ ಫೈಲಿಗೆ ಹಾಕಿದೆ. ಒಂಬತ್ತನೇ ದಿನಕ್ಕೆ ಅವರೇ ಫೋನ್ ಮಾಡಿದ್ರು, ಇಷ್ಟು ದಿನ ನನ್ನ ಫೋನೇ ಎತ್ತದವರು. 7 ಲಕ್ಷ ಕೊಡ್ತೀವಿ, ಆಫೀಸಿಗೆ ಬಂದು ನೋ ಡ್ಯೂಸ್ (ಇನ್ನೇನೂ ಬಾಕಿ ಇಲ್ಲ ಅನ್ನೋ) ಪತ್ರಕ್ಕೆ ಸಹಿ ಹಾಕಿ, ವಾರದಲ್ಲಿ ಟ್ರಾನ್ಸ್‌ಫರ್ ಅಂತಾರೆ. ಹೋಗ್ಲಾ?

ಎಂಬಿ_ಪುಸ್ತಕ:
ಹೋಗಿ. ಸಹಿ ದುಡ್ಡು ಖಾತೆಗೆ ಬಿದ್ದ ಮೇಲೆ.

ಕರಿಕೋಟು:
ಅದೇ. ಏಳಕ್ಕೆ ಒಪ್ಪೋದು ಬಿಡೋದು ನಿಮ್ಮ ಸಾಲದ ಬಡ್ಡಿ ನೋಡಿಕೊಂಡು ನೀವೇ ಹೇಳಬೇಕು. ಒಪ್ಪಿದರೆ ರಿಟೆನ್ಷನ್ ಅದರಲ್ಲಿ ಸೇರಿದೆಯೋ ಇಲ್ಲವೋ ಅಂತ ಬರೆಸಿ. ಸಹಿ ಹಾಕೋ ಮುಂಚೆ ಪತ್ರದ ಫೋಟೊ ನಿಮ್ಮ ವಕೀಲರಿಗೆ ಕಳಿಸಿ. ಹಿಂಬದಿ ಕೂಡ.

ಗಾರೆ_ದಾವಣಗೆರೆ:
ಗುರುವಾರ ಕರೆದಿದ್ದಾರೆ. 8.5 ಕೇಳ್ತೀನಿ.